ಬೀದಿ ಪರದೆ ಮುಂದೆ ಬಂದಾಗ

ಬೆಳಗಿನ ಹೊತ್ತು ತುಮಕೂರು ರೈಲು ನಿಲ್ದಾಣದ ಪ್ಲಾಟ್‌ಫಾರಂ ತುಂಬ ಬೆಂಗಳೂರಿಗೆ ಹೊರಟವರು. ಚೀಲದಲ್ಲಿ ಊಟದ ಡಬ್ಬಿ, ಕೊರಳಲ್ಲಿ ಗುರುತಿನ ಚೀಟಿ, ಕಣ್ಣು ಮೊಬೈಲಿನಲ್ಲಿ. ಬೋಗಿಯ ಬಾಗಿಲು ಎಲ್ಲಿಗೆ ಬಂದು ನಿಲ್ಲುತ್ತದೆಂದು ಅವರ ಕಾಲಿಗೇ ಗೊತ್ತು. ರೈಲು ಕಾಣುವ ಮೊದಲೇ ಅಲ್ಲಲ್ಲಿ ಗುಂಪುಗಟ್ಟಿರುತ್ತಾರೆ. ಗುಬ್ಬಿ ಸುತ್ತಿನ ಅಂಗಳಗಳಲ್ಲಿ ಕೊಯ್ಲಿನ ದಿನಗಳು ಬಂದರೆ ಬೇಯಿಸಿದ ಅಡಿಕೆ ಕೆಂಪಗೆ ಹರಡಿಕೊಳ್ಳುತ್ತದೆ. ಅದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಕುಣಿಗಲ್‌ನಲ್ಲಿ ಬೇಲಿಯ ಒಳಗೆ ಹಳೆಯ ಕುದುರೆ ಫಾರಂ ಇದೆ, ಬೇಲಿಯ ಹೊರಗೆ ಜನ ಬಸ್ಸಿಗೆ ಕಾಯುತ್ತಾರೆ. ಇದನ್ನೆಲ್ಲ ಯಾರೂ ನಿಂತು ನೋಡುವುದಿಲ್ಲ. ದಿನವೂ ಕಂಡದ್ದನ್ನು ಮತ್ತೆ ನೋಡುವ ಗೋಜಿಗೆ ಕಣ್ಣು ಹೋಗುವುದಿಲ್ಲ.

ಹೀಗೆ ಕಣ್ಣು ಕೈಬಿಟ್ಟದ್ದನ್ನೇ ಎತ್ತಿಕೊಂಡು ಚಿತ್ರ ಬರೆಯುವ ಯುವ ಕಲಾವಿದರು ಈಚಿನ ದಶಕಗಳಲ್ಲಿ ಕರ್ನಾಟಕದಲ್ಲಿ ಹೆಚ್ಚಿದ್ದಾರೆ. ಅವರ ಏಕವ್ಯಕ್ತಿ ಪ್ರದರ್ಶನದ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ: ನಿತ್ಯದ ಬದುಕಿನ ವಿಚಿತ್ರವನ್ನು ಶೋಧಿಸುವ ಕೃತಿಗಳು, ಇಷ್ಟು ದಿನ, ಇಂಥ ಗ್ಯಾಲರಿ. ಓದುಗರಿಗೆ ಆ ಮಾತು ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ, ಬಸ್ ನಿಲ್ದಾಣ, ಮದುವೆ ಊಟದ ಪಂಕ್ತಿ ಇವುಗಳಲ್ಲಿ ಶೋಧಿಸುವಂಥದ್ದು ಏನಿದೆ? ಅದಕ್ಕೊಂದು ಇಡೀ ಪ್ರದರ್ಶನ ಏಕೆ? ಈ ಲೇಖನದ ವಾದ ಇಷ್ಟು: ಇಂಥ ಚಿತ್ರಕಲೆ ದೊಡ್ಡ ವಿಷಯ ಸಿಗದವರು ಹಿಡಿಯುವ ಸಣ್ಣ ದಾರಿಯಲ್ಲ, ಕಲೆಯ ಕಷ್ಟದ ದಾರಿಗಳಲ್ಲಿ ಒಂದು, ಅದಕ್ಕೆ ಬೇಕಾದ ಸಾಮಗ್ರಿ ತುಮಕೂರು, ಗುಬ್ಬಿ, ಕುಣಿಗಲ್‌ನಂಥ ಊರುಗಳಲ್ಲಿ ಧಾರಾಳವಾಗಿದೆ, ಹಾಗಾಗಿ ಅದರ ಗೋಡೆಯೂ ಇಲ್ಲಿಯೇ ಇರಬೇಕು.

ಏಕವ್ಯಕ್ತಿ ಪ್ರದರ್ಶನವೆಂದರೆ

ಸಮೂಹ ಪ್ರದರ್ಶನದಲ್ಲಿ ಒಬ್ಬ ಕಲಾವಿದನ ಒಂದೋ ಎರಡೋ ಚಿತ್ರ ಇರುತ್ತದೆ. ನೋಡುವವರು ಚೆನ್ನಾಗಿದೆ ಎನ್ನುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಏಕವ್ಯಕ್ತಿ ಪ್ರದರ್ಶನದ ಲೆಕ್ಕ ಬೇರೆ. ಅಲ್ಲಿ ಒಬ್ಬರೇ ಎರಡು ಮೂರು ವರ್ಷ ಹಿಡಿದು ಮಾಡಿದ ಕೆಲಸ ಒಂದೇ ಕೋಣೆಯ ನಾಲ್ಕು ಗೋಡೆಗಳಲ್ಲಿ ಒಟ್ಟಾಗಿ ನಿಲ್ಲುತ್ತದೆ. ಒಂದು ಚಿತ್ರದಲ್ಲಿ ಖಾಲಿ ಕುರ್ಚಿಯಿದ್ದರೆ ಅದು ಆಕಸ್ಮಿಕ ಎನ್ನಬಹುದು. ಐದನೆಯದರಲ್ಲೂ, ಒಂಬತ್ತನೆಯದರಲ್ಲೂ ಆ ಕುರ್ಚಿ ಬೇರೆ ಬೇರೆ ಮನೆಗಳಲ್ಲಿ ಕಾಣಿಸಿಕೊಂಡರೆ ನೋಡುಗರ ಮನಸ್ಸಿನಲ್ಲಿ ಪ್ರಶ್ನೆ ಏಳುತ್ತದೆ: ಇಲ್ಲಿ ಯಾರು ಕೂರಬೇಕಿತ್ತು? ನಿತ್ಯದ ವಿಚಿತ್ರ ಒಂದು ಚಿತ್ರದಲ್ಲಿ ಮಿಂಚಿ ಮರೆಯಾಗುವಂಥದ್ದು. ಅದು ಪಟ್ಟಾಗಿ ನಿಂತು ಮಾತಾಡಲು ಚಿತ್ರಗಳ ಸಾಲೇ ಬೇಕು. ಆದ್ದರಿಂದಲೇ ಈ ಬಗೆಯ ಕಲಾವಿದರಿಗೆ ಏಕವ್ಯಕ್ತಿ ಪ್ರದರ್ಶನ ಪ್ರತಿಷ್ಠೆಯ ಮೆಟ್ಟಿಲಿಗಿಂತ ಹೆಚ್ಚಾಗಿ ಕೆಲಸದ ಅಗತ್ಯ.

ಆ ಕೋಣೆಯ ಹಿಂದೆ ನೋಡುಗರ ಕಣ್ಣಿಗೆ ಬೀಳದ ದುಡಿಮೆಯಿದೆ. ಕ್ಯಾನ್ವಾಸ್ ಬಿಗಿಯಬೇಕು, ಪ್ರೈಮರ್ ಬಳಿದು ಒಣಗಿಸಬೇಕು, ಗ್ಯಾಲರಿಯನ್ನು ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಬೇಕು, ಚೌಕಟ್ಟು ಹಾಕಿಸಿ ಲಗೇಜು ಗಾಡಿಯಲ್ಲಿ ಸಾಗಿಸಬೇಕು. ಚಿತ್ರದ ನಡುಭಾಗ ನೆಲದಿಂದ ಸುಮಾರು ಐದು ಅಡಿಯ ಎತ್ತರದಲ್ಲಿ, ನಿಂತವರ ಕಣ್ಣಿಗೆ ಸರಿಯಾಗಿ ಬರುವಂತೆ ತೂಗುಹಾಕುವುದು ರೂಢಿ. ಪಕ್ಕದ ಚೀಟಿಯಲ್ಲಿ ಹೆಸರು, ಮಾಧ್ಯಮ, ಅಳತೆ, ವರ್ಷ. ಚೀಟಿಯ ಮೇಲೆ ಕೆಂಪು ಬೊಟ್ಟು ಬಿದ್ದರೆ ಚಿತ್ರ ಮಾರಾಟವಾಯಿತೆಂದು ಅರ್ಥ. ಬಾಡಿಗೆ ತೆಗೆದುಕೊಳ್ಳುವ ಗ್ಯಾಲರಿಗಳಲ್ಲಿ ಮಾರಾಟವಾದರೂ ಆಗದಿದ್ದರೂ ಬಾಡಿಗೆ ಕಟ್ಟಲೇಬೇಕು. ಕಲಾವಿದರನ್ನು ತಾವೇ ಆರಿಸುವ ಖಾಸಗಿ ಗ್ಯಾಲರಿಗಳು ಸಾಮಾನ್ಯವಾಗಿ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇಟ್ಟುಕೊಳ್ಳುತ್ತವೆ. ದೇವರ ಚಿತ್ರ, ಪ್ರಕೃತಿಯ ಚಿತ್ರಕ್ಕೆ ಕೊಳ್ಳುವವರು ಬೇಗ ಸಿಗುತ್ತಾರೆ. ಬಸ್ ನಿಲ್ದಾಣದ ಬೆಂಚನ್ನು ತಮ್ಮ ಮನೆಯ ಗೋಡೆಗೆ ಹಾಕಿಕೊಳ್ಳುವವರು ಕಡಿಮೆ. ಇದೆಲ್ಲ ಗೊತ್ತಿದ್ದೂ ಆ ಬೆಂಚನ್ನೇ ಬರೆಯುವ ಹುಡುಗ ಅಥವಾ ಹುಡುಗಿಯ ಹಟವನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಗುಬ್ಬಿಯ ಪರದೆಗಳು ಕಲಿಸಿದ್ದು

ಬಣ್ಣ ಬಳಿದ ಬಟ್ಟೆಯ ಮುಂದೆ ಕೂತು ಮೈಮರೆಯುವುದು ಈ ನಾಡಿಗೆ ಹೊಸದೇನಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು (1891–1972) ದೊಡ್ಡದಾಗಿ ಬೆಳೆಸಿದರು. ‘ಕುರುಕ್ಷೇತ್ರ’ ನಾಟಕದಲ್ಲಿ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ಕಂಪನಿ ನಾಟಕಗಳಿಗೆ ಪರದೆಗಳೇ ಪ್ರಪಂಚ: ದರ್ಬಾರು, ಕಾಡು, ಅಂತಃಪುರ, ಬೀದಿ. ನೋಡುವವರಿಗೆ ಅವು ಬಟ್ಟೆಯೆಂದು ಗೊತ್ತು, ಆದರೂ ಕಾಡಿನ ಪರದೆ ಇಳಿದಾಗ ಕಾಡನ್ನೇ ಕಂಡರು. ಬಣ್ಣದ ಸುಳ್ಳಿನ ಮೂಲಕ ನಿಜವನ್ನು ಮುಟ್ಟುವ ಒಪ್ಪಂದ ನಮ್ಮ ಜನಕ್ಕೆ ಶತಮಾನಕ್ಕೂ ಹಿಂದೆಯೇ ರೂಢಿಯಾಗಿತ್ತು. ಹಳ್ಳಿಯವರಿಗೆ ಚಿತ್ರಕಲೆ ತಿಳಿಯದು ಎನ್ನುವವರು ಈ ಚರಿತ್ರೆಯನ್ನು ಮರೆತು ಮಾತಾಡುತ್ತಾರೆ.

ಆ ಪರದೆಗಳಲ್ಲಿ ಬೀದಿ ಪರದೆಯ ಸ್ಥಾನ ಗಮನಿಸಬೇಕಾದದ್ದು. ಹಿಂದೆ ದರ್ಬಾರಿನ ಸಿಂಹಾಸನ, ಕಂಬಗಳನ್ನು ಜೋಡಿಸಿಕೊಳ್ಳುವಷ್ಟು ಹೊತ್ತು ಮುಂದೆ ಬೀದಿ ಪರದೆ ಇಳಿಬಿಟ್ಟು ಹಾಸ್ಯದ ದೃಶ್ಯ ಆಡಿಸುವುದು ಕಂಪನಿಗಳ ಪದ್ಧತಿ. ರಾಜನಿಗೆ ಅರಮನೆ, ಋಷಿಗೆ ಕಾಡು, ಸಾಮಾನ್ಯನಿಗೆ ಬೀದಿ. ಅದೂ ದೊಡ್ಡ ದೃಶ್ಯ ಸಿದ್ಧವಾಗುವವರೆಗೆ ಮಾತ್ರ. ಆದರೆ ಜನ ಮನೆಗೆ ಹೋಗುವಾಗ ಬಾಯಲ್ಲಿ ಇರುತ್ತಿದ್ದದ್ದು ಎಷ್ಟೋ ಸಲ ಆ ಹಾಸ್ಯದ ಮಾತೇ. ಕಂಪನಿಯ ಯಜಮಾನ ವೀರಣ್ಣನವರೇ ಹೆಸರಾಂತ ಹಾಸ್ಯನಟರಾಗಿದ್ದರು, ‘ಸದಾರಮೆ’ಯ ಕಳ್ಳನ ಪಾತ್ರ ಅವರ ಹೆಸರಿಗೇ ಅಂಟಿಕೊಂಡಿತು. ನಿತ್ಯದ ಬದುಕಿನ ವಿಚಿತ್ರವನ್ನು ಬರೆಯುವ ಇಂದಿನ ಕಲಾವಿದರು ಮಾಡುತ್ತಿರುವ ಕೆಲಸವನ್ನು ಈ ಚರಿತ್ರೆಯ ಬೆಳಕಿನಲ್ಲಿ ಹೀಗೆ ಹೇಳಬಹುದು: ಹಿಂದಿನ ದರ್ಬಾರಿಗಾಗಿ ಕಾಯದೆ, ಬೀದಿ ಪರದೆಯನ್ನೇ ಮುಖ್ಯ ದೃಶ್ಯವಾಗಿ ನಿಲ್ಲಿಸುತ್ತಿದ್ದಾರೆ.

ಇದಕ್ಕಿಂತ ಹಳೆಯದೊಂದು ಬೇರೂ ಈ ನೆಲದಲ್ಲಿದೆ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ಗದ್ದುಗೆಯಿರುವ ತೋಂಟದ ಸಿದ್ಧಲಿಂಗ ಯತಿಗಳ ಶಿಷ್ಯವರ್ಗದಲ್ಲಿ, ಶರಣರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯ ಪರಿಷ್ಕರಣೆಗಳು ರೂಪುಗೊಂಡವು. ಅವುಗಳ ನಾಯಕ ಅಲ್ಲಮಪ್ರಭು. ಅಲ್ಲಮನ ಬೆಡಗಿನ ವಚನಗಳಲ್ಲಿ ಬರುವ ವಸ್ತುಗಳು ಬಹುಪಾಲು ಮನೆ, ಹಿತ್ತಿಲು, ಕಾಡುಮೇಡಿನವು. ಅವುಗಳ ನಡುವಿನ ಸಂಬಂಧ ಮಾತ್ರ ಬುಡಮೇಲು. ಪರಿಚಿತ ವಸ್ತುವನ್ನು ಅಪರಿಚಿತ ಸಂಬಂಧದಲ್ಲಿಟ್ಟು ಕೇಳುವವರನ್ನು ಎಚ್ಚರಿಸುವ ವಿದ್ಯೆ ಯುರೋಪಿನಿಂದ ಬಂದ ಫ್ಯಾಷನ್ ಎಂದು ದೂರುವವರು ಎಡೆಯೂರಿನ ಕಡೆ ಒಮ್ಮೆ ತಿರುಗಿ ನೋಡಬೇಕು.

ಮೈಸೂರಿನಿಂದ ಬಂದ ಸಾಕ್ಷಿ

ವಾದ ಎಷ್ಟೇ ಚೆನ್ನಾಗಿದ್ದರೂ ಕೃತಿಯ ಸಾಕ್ಷಿಯಿಲ್ಲದೆ ನಿಲ್ಲದು. ಕರ್ನಾಟಕದಲ್ಲಿ ಆ ಸಾಕ್ಷಿಯನ್ನು ಒದಗಿಸಿದವರಲ್ಲಿ ಎನ್.ಎಸ್. ಹರ್ಷ ಮುಖ್ಯರು. 1969ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತು, ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆಮೇಲೆ ಮುಂಬಯಿ, ದೆಹಲಿಗಳಲ್ಲಿ ನೆಲೆಸದೆ ಮೈಸೂರಿಗೇ ಮರಳಿ ಕೆಲಸ ಮಾಡಿದರು. ಅವರು ಮೂವತ್ತರ ಆಸುಪಾಸಿನಲ್ಲಿದ್ದಾಗ, 1999ರಿಂದ 2001ರವರೆಗೆ ಬರೆದ ಮೂರು ಭಾಗಗಳ ಕೃತಿಯೊಂದಿದೆ. ಅದರ ಇಂಗ್ಲಿಷ್ ಹೆಸರಿನ ಅರ್ಥ ‘ನಾವು ಬರುತ್ತೇವೆ, ಉಣ್ಣುತ್ತೇವೆ, ಮಲಗುತ್ತೇವೆ’. ಮೂರು ಭಾಗಗಳಲ್ಲೂ ಸಾಲು ಸಾಲು ಪುಟ್ಟ ಮನುಷ್ಯರು. ಒಂದರಲ್ಲಿ ಬರುತ್ತಿದ್ದಾರೆ, ಇನ್ನೊಂದರಲ್ಲಿ ಪಂಕ್ತಿಯಲ್ಲಿ ಉಣ್ಣುತ್ತಿದ್ದಾರೆ, ಮತ್ತೊಂದರಲ್ಲಿ ಮಲಗಿದ್ದಾರೆ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ದಾಸೋಹದ ಊಟ ಮಾಡುವುದನ್ನು ಕಂಡಿರುವ ತುಮಕೂರಿನವರಿಗೆ ಈ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಹರ್ಷ ಅಲ್ಲಿ ಯಾವ ರಾಕ್ಷಸನನ್ನೂ ತಂದಿಲ್ಲ, ಯಾರ ಮುಖವನ್ನೂ ವಿರೂಪಗೊಳಿಸಿಲ್ಲ. ಆದರೂ ಚಿತ್ರದ ಮುಂದೆ ನಿಂತವರಿಗೆ ಏನೋ ತಳಮಳ. ದೂರದಿಂದ ಸೀರೆಯ ಅಂಚಿನ ವಿನ್ಯಾಸದಂತೆ ಕಾಣುವವರು, ಹತ್ತಿರ ಹೋದರೆ ಒಬ್ಬೊಬ್ಬರೂ ಬೇರೆ ಬೇರೆ ಮನುಷ್ಯರಾಗುತ್ತಾರೆ. ಹಿಂದೆ ಸರಿದರೆ ಮತ್ತೆ ವಿನ್ಯಾಸ. ಮನುಷ್ಯ ಒಬ್ಬಂಟಿಯೂ ಹೌದು, ಸಾಲಿನಲ್ಲಿ ಕರಗಿಹೋದವನೂ ಹೌದು ಎಂಬುದನ್ನು ಯಾವ ಭಾಷಣವೂ ಇಷ್ಟು ನೇರವಾಗಿ ಹೇಳಲಾರದು. 2008ರಲ್ಲಿ ಅವರು ಬರೆದ ಆರು ಫಲಕಗಳ ಕೃತಿಯಲ್ಲಿ ಎರಡು ಸಾವಿರದಷ್ಟು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದಾರೆ. ಬಂದು ನಮಗೊಂದು ಭಾಷಣ ಮಾಡಿ ಎಂದು ಕರೆಯುವುದೇ ಅದರ ಹೆಸರು. ಭಾಷಣಕಾರ ಚಿತ್ರದಲ್ಲಿ ಇಲ್ಲ. ಸಭೆ ನಮ್ಮ ಕಡೆಗೇ ಮುಖಮಾಡಿರುವುದರಿಂದ ನೋಡುವವರೇ ವೇದಿಕೆಯ ಮೇಲೆ ನಿಂತಂತಾಗುತ್ತದೆ. ಚುನಾವಣೆ ಬಂದಾಗ ನಮ್ಮ ಪ್ರತಿ ತಾಲ್ಲೂಕು ಕೇಂದ್ರದ ಮೈದಾನದಲ್ಲೂ ಕಾಣುವ ನೋಟ ಇದು. ಕೋನವೊಂದನ್ನು ಬದಲಿಸಿದ್ದರಿಂದ ಹಿಂದೆಂದೂ ಕಾಣದ ನೋಟವಾಗಿದೆ.

ಅದೇ 2008ರಲ್ಲಿ ಬ್ರಿಟನ್ನಿನ ಕಾರ್ಡಿಫ್ ನಗರದಲ್ಲಿ ಕೊಡುವ ಆರ್ಟೆಸ್ ಮುಂಡಿ ಪ್ರಶಸ್ತಿ, 40,000 ಪೌಂಡ್ ಮೊತ್ತದ್ದು, ಹರ್ಷ ಅವರಿಗೆ ಬಂತು. 2017ರಲ್ಲಿ ಟೋಕಿಯೋದ ಮೋರಿ ಕಲಾ ಮ್ಯೂಸಿಯಂ ಅವರ ಕೃತಿಗಳ ದೊಡ್ಡ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸಿತು. ಪ್ರಶಸ್ತಿಯಿಂದಲೇ ಕೃತಿಯ ಬೆಲೆ ಕಟ್ಟಬೇಕಿಲ್ಲ. ಇಲ್ಲಿ ಮುಖ್ಯವಾದದ್ದು ಬೇರೆ: ಮೈಸೂರಿನ ಪಂಕ್ತಿ ಊಟವನ್ನೂ ಪ್ಲಾಸ್ಟಿಕ್ ಕುರ್ಚಿಯನ್ನೂ ಬಿಡದೆ ಹಿಡಿದ ಕೃತಿಗಳು ಅವುಗಳ ಪರಿಚಯವೇ ಇಲ್ಲದ ಜಪಾನಿನವರಿಗೂ ತಾಗಿದವು. ಊರಿನ ವಿವರ ಗಟ್ಟಿಯಾದಷ್ಟೂ ಕೃತಿ ದೂರ ಹೋಗುತ್ತದೆ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಪುರಾವೆ ಬೇಡ.

ವಿಚಿತ್ರ ಕಾಣಿಸುವ ಬಗೆ

1917ರಲ್ಲಿ ರಷ್ಯದ ವಿಮರ್ಶಕ ವಿಕ್ಟರ್ ಶ್ಕ್ಲೋವ್‌ಸ್ಕಿ ಒಂದು ಪ್ರಬಂಧದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಂಡರು. ಅವರ ವಿಚಾರದ ಸಾರವಿಷ್ಟು: ರೂಢಿ ನಮ್ಮ ಅನುಭವವನ್ನು ಮಂಕಾಗಿಸುತ್ತದೆ, ವಸ್ತುವನ್ನು ಗುರುತಿಸುತ್ತೇವೆಯೇ ಹೊರತು ನೋಡುವುದಿಲ್ಲ, ಗ್ರಹಿಕೆಗೆ ಒಂದಿಷ್ಟು ತಡೆಯೊಡ್ಡಿ, ನೋಟವನ್ನು ನಿಧಾನಿಸಿ, ವಸ್ತುವನ್ನು ಮರಳಿ ಕಾಣಿಸುವುದು ಕಲೆಯ ಕೆಲಸ. ಹಾಗಾದರೆ ವಿಚಿತ್ರವನ್ನು ಕಲಾವಿದರು ಹೊರಗಿನಿಂದ ತಂದು ಸೇರಿಸುವುದಿಲ್ಲ. ರೂಢಿಯ ಪೊರೆಯನ್ನು ತೆಗೆಯುತ್ತಾರೆ, ಒಳಗಿದ್ದದ್ದು ಕಾಣುತ್ತದೆ.

ತೆಗೆಯುವ ವಿಧಾನಗಳು ಹಲವು. ಒಂದು, ಪುನರಾವರ್ತನೆ. ಹರ್ಷ ಮಾಡಿದ್ದು ಇದನ್ನೇ; 1560ರಲ್ಲಿ ಯುರೋಪಿನ ಚಿತ್ರಕಾರ ಪೀಟರ್ ಬ್ರೂಗೆಲ್ ಒಂದೇ ಚಿತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು ಆಟಕ್ಕೆ ಬಿಟ್ಟು ಮಾಡಿದ್ದೂ ಇದನ್ನೇ. ಒಂದು ಮಗು ಆಡುತ್ತಿದ್ದರೆ ಅದು ಆಟ, ಊರು ತುಂಬ ಮಕ್ಕಳೇ ಆಡುತ್ತಿದ್ದರೆ ದೊಡ್ಡವರ ಲೋಕದ ಮೇಲೆಯೇ ಅನುಮಾನ ಬರುತ್ತದೆ. ಎರಡು, ಗೌರವ. ಬರೋಡಾದಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತ ಚಿತ್ರ ಬರೆದ ಭೂಪೇನ್ ಖಖ್ಖರ್ (1934–2003) ಎಪ್ಪತ್ತರ ದಶಕದ ಮೊದಲಲ್ಲಿ ಗಡಿಯಾರ ರಿಪೇರಿಯವನನ್ನೂ ದರ್ಜಿಯನ್ನೂ ಕ್ಷೌರದ ಅಂಗಡಿಯನ್ನೂ ಬರೆದರು. ರಾಜರ ಭಾವಚಿತ್ರಕ್ಕೆ ಮೀಸಲಾಗಿದ್ದ ಗಮನವನ್ನು ಗಡಿಯಾರದ ಅಂಗಡಿಗೆ ಕೊಟ್ಟದ್ದೇ ಆಗ ಹಲವರಿಗೆ ವಿಚಿತ್ರವೆನಿಸಿತು. ಮೂರು, ತಾಳ್ಮೆ. ಇಟಲಿಯ ಜಾರ್ಜೋ ಮೊರಾಂಡಿ (1890–1964) ಬೊಲೋನ್ಯಾ ಊರಿನ ಮನೆಯಲ್ಲಿ ಕೆಲವೇ ಸೀಸೆ, ಹೂಜಿಗಳನ್ನು ದಶಕಗಳ ಕಾಲ ಮತ್ತೆ ಮತ್ತೆ ಬರೆದರು. ಆ ಸೀಸೆಗಳು ಕೊನೆಗೆ ಒಂದು ಕುಟುಂಬದ ಸದಸ್ಯರಂತೆ ಪರಸ್ಪರ ಒತ್ತಿಕೊಂಡು, ಹಿಂಜರಿದು ನಿಂತಿರುವುದು ಕಾಣುತ್ತದೆ. ನಾಲ್ಕು, ಇಲ್ಲದಿರುವುದು. ಸಭೆಯಿದೆ, ಭಾಷಣಕಾರನಿಲ್ಲ. ಪ್ರದರ್ಶನಕ್ಕೆ ಹೋದವರು ಈ ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು, ಅರ್ಥವಾಗಲಿಲ್ಲ ಎಂಬ ಅಂಜಿಕೆ ಅರ್ಧ ಕಳೆಯುತ್ತದೆ.

ಮೂರು ಊರಿನ ಸಾಮಗ್ರಿ

ಈಗ ಈ ಕಣ್ಣಿನಿಂದ ನಮ್ಮ ಮೂರು ಊರುಗಳನ್ನು ನೋಡೋಣ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಕಾವಲು ಎಂದರೆ ಒಂದು ಕಾಲಕ್ಕೆ ದನ ಮೇಯುವ ಹುಲ್ಲುಗಾವಲು. ಅದೇ ತಾಲ್ಲೂಕಿನಲ್ಲಿ ಅಡಿಕೆ ಸುಲಿಯುವ ಹೆಂಗಸರು ಇಂದಿಗೂ ಕೈಗೆ ಹತ್ತಿದ ಕರೆಯನ್ನು ತಿಕ್ಕಿ ತೊಳೆಯುತ್ತಾರೆ. ಚೇಳೂರಿನ ಸಂತೆಗೆ ಹಲಸಿನ ಹಣ್ಣು ರಾಶಿಯಾಗಿ ಬಂದು ಬೀಳುತ್ತದೆ. ಕಾರ್ಖಾನೆ ಮತ್ತು ತೋಟ, ಈ ಎರಡು ಲೋಕಗಳ ನಡುವೆ ಗೋಡೆಯಿಲ್ಲ, ಒಂದೇ ಮನೆಯ ಅಣ್ಣ ಅಲ್ಲಿ, ಅತ್ತಿಗೆ ಇಲ್ಲಿ ಇರಬಹುದು. ಇದನ್ನು ಪ್ರಗತಿ ಎಂದೋ ವಿನಾಶ ಎಂದೋ ಒಂದು ಮಾತಿನಲ್ಲಿ ಮುಗಿಸುವುದು ಸುಲಭ. ಎರಡೂ ಒಟ್ಟಿಗೆ ಇರುವ ಅಸಹಜ ಸಹಜತೆಯನ್ನು ಹಿಡಿಯಲು ಚಿತ್ರ ಬೇಕು.

ಕುಣಿಗಲ್‌ನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದಲ್ಲಿ ಅಶ್ವದಳಕ್ಕೆ ಕುದುರೆ ಒದಗಿಸಿದ ನೆಲ. ಯುದ್ಧ ಹೋಯಿತು, ದಳ ಹೋಯಿತು, ಕುದುರೆ ಉಳಿಯಿತು; ಆಮೇಲೆ ಅಲ್ಲಿ ಬೆಳೆದ ಮರಿಗಳು ಮಹಾನಗರಗಳ ರೇಸ್ ಮೈದಾನಗಳಲ್ಲಿ ಓಡಿದವು. ಆ ಓಟವನ್ನು ಎಂದೂ ಕಾಣದ ಊರಿನವರು ಆ ಮರಿಗಳ ಬಾಲ್ಯವನ್ನು ಮಾತ್ರ ಬಲ್ಲರು. ಇದೇ ಕುಣಿಗಲ್‌ಗೆ ಹೇಮಾವತಿ ನೀರನ್ನು ನೇರವಾಗಿ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿಚಾರದಲ್ಲಿ ಗುಬ್ಬಿ, ತುಮಕೂರು ಕಡೆಯ ರೈತರು ಬೀದಿಗಿಳಿದಿದ್ದಾರೆ. ಒಂದೇ ಜಿಲ್ಲೆಯಲ್ಲಿ ಒಂದೇ ನೀರು ಒಬ್ಬರಿಗೆ ಆಸೆ, ಇನ್ನೊಬ್ಬರಿಗೆ ಆತಂಕ. ಸುದ್ದಿ ಈ ಜಗಳದ ಎರಡೂ ಪಕ್ಷಗಳ ಹೇಳಿಕೆ ಕೊಡುತ್ತದೆ. ಬತ್ತಿದ ಕಾಲುವೆಯ ದಡದಲ್ಲಿ ನಿಂತ ಮನುಷ್ಯ ಎರಡೂ ತಾಲ್ಲೂಕಿನಲ್ಲಿ ಒಂದೇ ತೆರನಾಗಿ ನಿಂತಿರುತ್ತಾನೆಂದು ತೋರಿಸುವುದು ಚಿತ್ರಕ್ಕೆ ಸಾಧ್ಯ.

ತುಮಕೂರು ನಗರದ ವಿಚಿತ್ರ ಬೇರೆ ಬಗೆಯದು. ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ಹೋಗಿ ಬರುವಷ್ಟು ಹತ್ತಿರ, ಅಲ್ಲಿಯವರೆನಿಸಿಕೊಳ್ಳದಷ್ಟು ದೂರ. ಹಗಲೆಲ್ಲ ಬೇರೆ ಊರಿನಲ್ಲಿ ದುಡಿದು ರಾತ್ರಿ ಮಲಗಲು ಮಾತ್ರ ತಮ್ಮೂರಿಗೆ ಬರುವ ಜನ ಇಲ್ಲಿ ಬಹಳ. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಮೇಲೆ ರಸ್ತೆಗಳು ಅಗೆದು ಮುಚ್ಚಿ ಮತ್ತೆ ಅಗೆದು ರೂಪ ಬದಲಿಸಿದವು. ಹತ್ತಿರದ ಗೂಳೂರಿನಲ್ಲಿ ಮಾತ್ರ ಲೋಕವೆಲ್ಲ ಗಣೇಶನನ್ನು ಕೂರಿಸುವ ಚೌತಿಯ ದಿನ ಮಣ್ಣಿನ ಮಹಾಗಣಪತಿಯ ಕೆಲಸ ಶುರುವಾಗುತ್ತದೆ, ದೀಪಾವಳಿಯ ವೇಳೆಗೆ ಪ್ರತಿಷ್ಠೆಯಾಗುತ್ತದೆ. ನಗರದ ಗಡಿಯಾರ ಓಡುತ್ತಿರುವಾಗ ಪಕ್ಕದ ಊರು ತನ್ನದೇ ಪಂಚಾಂಗ ಹಿಡಿದು ಕೂತಿದೆ. ಬರೆಯಲು ವಿಷಯವಿಲ್ಲ ಎಂದು ಇಲ್ಲಿಯ ಯಾವ ಯುವ ಕಲಾವಿದನೂ ಹೇಳುವಂತಿಲ್ಲ.

ಆಕ್ಷೇಪಗಳಿಗೆ ಉತ್ತರ

ಮೊದಲ ಆಕ್ಷೇಪ ಎಲ್ಲರ ಬಾಯಲ್ಲೂ ಇರುವುದು: ಮೊಬೈಲ್ ಇರುವಾಗ ಬಸ್ ನಿಲ್ದಾಣವನ್ನು ಕೈಯಲ್ಲಿ ಏಕೆ ಬರೆಯಬೇಕು? ಕ್ಯಾಮೆರಾ ಕ್ಷಣದ ಸಣ್ಣ ತುಣುಕಿನಲ್ಲಿ ಎದುರಿಗಿದ್ದದ್ದನ್ನೆಲ್ಲ ಒಟ್ಟಿಗೆ ಹಿಡಿಯುತ್ತದೆ. ಒಳ್ಳೆಯ ಛಾಯಾಗ್ರಾಹಕರು ಅಲ್ಲೂ ಆಯ್ಕೆ ಮಾಡುತ್ತಾರೆ, ಅವರ ಕಲೆ ಕಡಿಮೆಯದಲ್ಲ. ಆದರೆ ಚಿತ್ರಕಾರರು ಬೆಂಚಿನ ಪ್ರತಿ ಅಂಗುಲವನ್ನೂ ಬಣ್ಣ ಕಲಸಿ, ಹಚ್ಚಿ, ಅಳಿಸಿ, ಮತ್ತೆ ಹಚ್ಚಿ ಕಟ್ಟಬೇಕು. ವಾರಗಟ್ಟಲೆ ಆ ಬೆಂಚಿನ ಜೊತೆ ಇದ್ದವರಿಗೆ ಅದರ ಮೇಲೆ ಕೂತವರ ಆಯಾಸವೂ ತಿಳಿಯುತ್ತದೆ. ಆ ಹೊತ್ತು ಚಿತ್ರದೊಳಗೆ ಉಳಿದು, ನೋಡುವವರನ್ನೂ ನಿಲ್ಲಿಸುತ್ತದೆ. ದಿನಕ್ಕೆ ನೂರಾರು ಫೋಟೊಗಳನ್ನು ಬೆರಳಿನಿಂದ ಸರಿಸಿಬಿಡುವ ಈ ಕಾಲದಲ್ಲಿ ನಿಲ್ಲಿಸುವ ಶಕ್ತಿಗೆ ಬೆಲೆ ಹೆಚ್ಚಬೇಕೇ ಹೊರತು ತಗ್ಗಬಾರದು.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ವಿಚಿತ್ರವೆನ್ನುವುದೇ ಒಂದು ಸಿದ್ಧ ಮಾದರಿಯಾಗಿದೆ. ಇದು ನಿಜ. ಸಾಲ್ವಡಾರ್ ಡಾಲಿ 1931ರಲ್ಲಿ ಕರಗುವ ಗಡಿಯಾರ ಬರೆದ ಮೇಲೆ ಎಷ್ಟು ಊರಿನ ಎಷ್ಟು ಕಲಾವಿದರು ಏನೇನನ್ನು ಕರಗಿಸಿದ್ದಾರೋ. ಹಾರುವ ಮೀನು, ತಲೆಯಿಲ್ಲದ ಕೋಟು, ಹೊಟ್ಟೆಯಲ್ಲಿ ಕಿಟಕಿ, ಇವು ಈಗ ಯಾರನ್ನೂ ಎಚ್ಚರಿಸವು; ಅವೇ ರೂಢಿಯಾಗಿಬಿಟ್ಟಿವೆ. ಇದಕ್ಕೊಂದು ಸರಳ ಪರೀಕ್ಷೆಯಿದೆ. ಚಿತ್ರದಿಂದ ವಿಚಿತ್ರವಾದ ಅಂಶವನ್ನು ಮನಸ್ಸಿನಲ್ಲೇ ತೆಗೆದು ನೋಡಿ. ಉಳಿದದ್ದು ಯಾವ ಊರಿನ ಯಾವ ಕೋಣೆಯೂ ಆಗಬಹುದಾದ ಸಪ್ಪೆ ನೋಟವಾದರೆ ವಿಚಿತ್ರವನ್ನು ಮೇಲಿಂದ ಅಂಟಿಸಲಾಗಿದೆ. ತೆಗೆಯಲು ಬೇರೆಯಾಗಿ ಏನೂ ಸಿಗದೆ, ಇಡೀ ನೋಟವೇ ವಿಚಿತ್ರವೆಂದು ಕಂಡರೆ ಕಲಾವಿದರು ಗೆದ್ದಿದ್ದಾರೆ. ಯುವ ಕಲಾವಿದರ ಪ್ರದರ್ಶನದಲ್ಲಿ ಎರಡೂ ಬಗೆಯ ಚಿತ್ರಗಳಿರುತ್ತವೆ. ಎರಡನೆಯ ಬಗೆಯವು ಮೂರೇ ಇದ್ದರೂ ಪ್ರದರ್ಶನ ಸಾರ್ಥಕ.

ಮೂರನೆಯದು ನೈತಿಕ ಪ್ರಶ್ನೆ: ಬರ ಕಂಡ ಜಿಲ್ಲೆಯ ದುಡಿಯುವವರ ಬದುಕನ್ನು ಹವಾನಿಯಂತ್ರಿತ ಕೋಣೆಯವರ ಬೆರಗಿಗೆ ಒಡ್ಡುವುದು ಸರಿಯೇ? ಅಡಿಕೆ ಸುಲಿಯುವಾಕೆಗೆ ಅದು ವಿಚಿತ್ರವಲ್ಲ, ಬೆನ್ನುನೋವು. ಈ ಮಾತನ್ನು ಕಲಾವಿದರು ಎದುರಿಸಲೇಬೇಕು. ದೂರ ನಿಂತು ಬೆರಗಾಗುವ ಕಣ್ಣು ಬೇರೆ, ಹತ್ತಿರವಿದ್ದೂ ಬೆರಗು ಕಳೆದುಕೊಳ್ಳದ ಕಣ್ಣು ಬೇರೆ. ಮೊದಲನೆಯದು ಆಕೆಯ ಕೆಂಪು ಕೈಯನ್ನು ಬಣ್ಣವಾಗಿ ಕಾಣುತ್ತದೆ. ಎರಡನೆಯದು ಆ ಕರೆ ಏಕೆ ಹೋಗುವುದಿಲ್ಲವೆಂದು ತಿಳಿದು ಬರೆಯುತ್ತದೆ. ಈ ಕಾರಣಕ್ಕಾಗಿಯೇ ಇಲ್ಲಿಯ ಬದುಕನ್ನು ಇಲ್ಲಿಯವರು ಬರೆಯುವುದೂ, ಇಲ್ಲಿಯವರ ಎದುರಿಗೇ ತೋರಿಸುವುದೂ ಮುಖ್ಯ. ಚಿತ್ರದಲ್ಲಿರುವ ಜನ ಬಂದು ನೋಡುವ ಜಾಗದಲ್ಲಿ ತೂಗುಹಾಕಿದ ಚಿತ್ರ ಸುಳ್ಳಾಡಿ ಪಾರಾಗುವುದು ಕಷ್ಟ.

ಇನ್ನು, ಇಪ್ಪತ್ತೈದರ ವಯಸ್ಸಿನವರಿಗೆ ಬದುಕಿನ ಅನುಭವವೇನು ಎಂಬ ಮಾತು. ನಿತ್ಯದ ವಿಚಿತ್ರ ಕಾಣುವುದಕ್ಕೆ ಆ ವಯಸ್ಸು ಅಡ್ಡಿಯಾಗುವ ಬದಲು ಅನುಕೂಲವೇ ಆಗುತ್ತದೆ. ಸಂಸಾರ, ಕೆಲಸ, ಊರಿನ ಕಟ್ಟುಕಟ್ಟಳೆಗಳು ಇನ್ನೂ ಮೈಗೆ ಪೂರ್ತಿ ಒಗ್ಗಿರದ ಹೊತ್ತಿನಲ್ಲಿ ಅವುಗಳ ಹೊಲಿಗೆ ಕಾಣುತ್ತದೆ. ಹಿರಿಯರಿಗೆ ಸಹಜವಾಗಿಬಿಟ್ಟದ್ದು ಕಿರಿಯರಿಗೆ ಇನ್ನೂ ಪ್ರಶ್ನೆ. ಜೊತೆಗೆ, ತೋಟ ಲೇಔಟ್ ಆದದ್ದನ್ನೂ ಕಾವಲು ಕಾರ್ಖಾನೆಯಾದದ್ದನ್ನೂ ಬೆಳೆಯುತ್ತಲೇ ಕಂಡ ಪೀಳಿಗೆ ಇದು; ಎರಡೂ ಕಾಲಗಳ ನೆನಪು ಇವರಲ್ಲಿ ಇನ್ನೂ ಹಸಿಯಾಗಿದೆ.

ಕತೆಗೆ ಕೊಟ್ಟದ್ದು ಚಿತ್ರಕ್ಕೂ ಸಲ್ಲಲಿ

ಕನ್ನಡದ ಓದುಗರು ಕತೆಯಲ್ಲಿ ಈ ದಾರಿಯನ್ನು ಎಂದೋ ಒಪ್ಪಿಕೊಂಡಿದ್ದಾರೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದುವಾಗ ಅಡುಗೆಮನೆಯ ಇರುವೆಗಳಿಗೆ ಇಷ್ಟು ಜಾಗ ಏಕೆಂದು ಯಾರೂ ಕೇಳುವುದಿಲ್ಲ. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳಲ್ಲಿ ಚಾಳು, ಲೋಕಲ್ ರೈಲು, ಸಣ್ಣ ನೌಕರಿಗಳೇ ಬೆಳಗುತ್ತವೆ. ಆ ಕತೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯಾ ಸಾಹಿತ್ಯದ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಇದೇ ಓದುಗರು ಚಿತ್ರದ ಮುಂದೆ ನಿಂತಾಗ ಇದರ ಅರ್ಥವೇನು ಎಂದು ಒಂದೇ ವಾಕ್ಯದ ಉತ್ತರ ಬಯಸುತ್ತಾರೆ. ವ್ಯತ್ಯಾಸ ಬುದ್ಧಿಶಕ್ತಿಯದ್ದಲ್ಲ, ಅಭ್ಯಾಸದ್ದು. ಕತೆ ಊರೂರಿನ ಗ್ರಂಥಾಲಯದಲ್ಲಿ, ಪತ್ರಿಕೆಯಲ್ಲಿ, ಪಠ್ಯದಲ್ಲಿ ಸಿಕ್ಕಿತು. ಚಿತ್ರ ಸಿಗಲಿಲ್ಲ.

ಸಿಗುವ ಜಾಗಗಳು ಬಹುಪಾಲು ರಾಜಧಾನಿಯಲ್ಲಿವೆ: ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ, 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತು, 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆ ಕಲೆಯನ್ನು ರಸ್ತೆಗಿಳಿಸಿ ಲಕ್ಷಾಂತರ ಜನರ ಹತ್ತಿರ ತಂದಿತು. ಆದರೆ ಸಂತೆಯ ಗದ್ದಲದಲ್ಲಿ ಒಬ್ಬರ ಚಿತ್ರಗಳ ಸಾಲನ್ನು ನಿಧಾನವಾಗಿ ನೋಡುವ ಅವಕಾಶ ಕಡಿಮೆ. ತುಮಕೂರಿನಲ್ಲಿ ರವೀಂದ್ರ ಕಲಾನಿಕೇತನದಂಥ ದೃಶ್ಯಕಲಾ ಶಾಲೆಯಿದೆ, ನಾಟಕಕ್ಕೆ ಗುಬ್ಬಿ ವೀರಣ್ಣ ಕಲಾಕ್ಷೇತ್ರವಿದೆ. ಇಲ್ಲಿ ಕಲಿತವರ ಏಕವ್ಯಕ್ತಿ ಪ್ರದರ್ಶನ ಬೆಂಗಳೂರಿನಲ್ಲಿ ನಡೆದು, ಊರಿನವರು ಅದರ ಸುದ್ದಿಯನ್ನು ಮಾತ್ರ ಓದುವಂತಾಗಬಾರದು.

ಇದಕ್ಕೆ ಬೇಕಾದದ್ದು ಅಮೃತಶಿಲೆಯ ಭವನವಲ್ಲ. ತೇವವಿಲ್ಲದ ನಾಲ್ಕು ಬಿಳಿ ಗೋಡೆ, ಹೊಳಪು ಚಿಮ್ಮಿಸದ ಸಮನಾದ ಬೆಳಕು, ಕೆಲಸ ಮುಗಿಸಿ ಬರುವವರಿಗಾಗಿ ರಾತ್ರಿ ಎಂಟರವರೆಗೆ ತೆರೆದ ಬಾಗಿಲು, ಕೇಳಿದವರಿಗೆ ಕನ್ನಡದಲ್ಲಿ ವಿವರಿಸುವ ಕಲಾವಿದರು. ಗುಬ್ಬಿಯ ಕಾಲೇಜಿನ ಸಭಾಂಗಣ, ಕುಣಿಗಲ್‌ನ ಗ್ರಂಥಾಲಯದ ಒಂದು ಕೋಣೆ, ತುಮಕೂರಿನ ಪಾಲಿಕೆ ಕಟ್ಟಡದ ಒಂದು ಅಂತಸ್ತು ವರ್ಷಕ್ಕೆ ಕೆಲವು ವಾರ ಇದಕ್ಕೆ ಮೀಸಲಾದರೆ ಆರಂಭಕ್ಕೆ ಸಾಕು. ಪಾಲಿಕೆ, ಪುರಸಭೆಗಳು ವೃತ್ತಗಳಿಗೆ ಪ್ರತಿಮೆ, ಕಾರಂಜಿ ಮಾಡಿಸುವ ಖರ್ಚಿನ ಅಲ್ಪಭಾಗದಲ್ಲಿ ಇದು ಸಾಧ್ಯ. ಶಾಲೆಯ ಡ್ರಾಯಿಂಗ್ ಮೇಷ್ಟ್ರು ಮಕ್ಕಳನ್ನು ಕರೆತಂದು, ಅವರ ಊರಿನದೇ ಬಸ್ ನಿಲ್ದಾಣದ ಚಿತ್ರದ ಮುಂದೆ ನಿಲ್ಲಿಸಿ, ಇದರಲ್ಲಿ ನೀವು ಹಿಂದೆ ಗಮನಿಸದ್ದು ಯಾವುದು ಎಂಬ ಒಂದೇ ಪ್ರಶ್ನೆ ಕೇಳಿದರೆ, ಪಠ್ಯಪುಸ್ತಕ ಕಲಿಸದ ಒಂದು ವಿದ್ಯೆ ಅಲ್ಲಿಂದ ಶುರುವಾಗುತ್ತದೆ.

ತನ್ನ ಊರನ್ನು ಸರಿಯಾಗಿ ನೋಡಲಾರದ ಸಮಾಜ, ಆ ಊರು ಬದಲಾಗುವಾಗ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಡಬೇಕೆಂದು ತೀರ್ಮಾನಿಸಲಾರದು. ಕೆರೆ ಮುಚ್ಚಿದ್ದು, ತೋಟ ಸವೆದದ್ದು, ಮನೆಯ ಹಿರಿಯರ ಜಗಲಿ ಖಾಲಿಯಾದದ್ದು ನಮ್ಮ ಕಣ್ಣೆದುರೇ ನಡೆದವು. ನೋಡುವ ಅಭ್ಯಾಸ ತಪ್ಪಿದ್ದರಿಂದ ತಡವಾಗಿ ಗೊತ್ತಾದವು. ಯುವ ಚಿತ್ರಕಾರರ ಏಕವ್ಯಕ್ತಿ ಪ್ರದರ್ಶನ ಈ ಅಭ್ಯಾಸವನ್ನು ಮರಳಿ ಕೊಡುವ ಕೆಲಸ. ಅದಕ್ಕೆ ಗೋಡೆ ಒದಗಿಸುವುದನ್ನು ಕಲಾವಿದರಿಗೆ ಮಾಡುವ ಉಪಕಾರವೆಂದು ಭಾವಿಸಬೇಕಿಲ್ಲ. ಅದು ಊರು ತನಗಾಗಿ ಮಾಡಿಕೊಳ್ಳಬೇಕಾದ ವ್ಯವಸ್ಥೆ, ಕುಡಿಯುವ ನೀರು, ಬೀದಿ ದೀಪಗಳ ಪಟ್ಟಿಯಲ್ಲೇ ಬರೆದಿಡಬೇಕಾದದ್ದು.